ಬ್ಯಾಂಕಿನಿಂದ ಮನೆ ಪತ್ರ ವಾಪಸ್ ಬಂತು. ಈಗ ಎಲ್ಲಿಡೋದು, ಹೇಗಿಡೋದು?

ಹದಿನೇಳು ವರ್ಷ ಕಂತು ಕಟ್ಟಿ ಮುಗಿಸಿದ ಮೇಲೆ ಬ್ಯಾಂಕಿನವರು ನನ್ನ ಕೈಗೆ ಕೊಟ್ಟಿದ್ದು ಹಸಿರು ಟ್ಯಾಗ್ ಕಟ್ಟಿದ ಒಂದು ಕಂದು ಕವರ್. ಮನೆಗೆ ತಂದು ದೇವರ ಮುಂದೆ ಇಟ್ಟೆವು, ಕುಂಕುಮ ಹಚ್ಚಿ ಊದುಬತ್ತಿ ಬೆಳಗಿದೆವು. ಆಮೇಲೆ ತೆಗೆದಿಟ್ಟರಾಯಿತು ಎಂದುಕೊಂಡೆವು. ಆ "ಆಮೇಲೆ" ಬಂದಿದ್ದು ಮೂರು ತಿಂಗಳ ನಂತರ. ಅಷ್ಟರಲ್ಲಿ ಕವರಿನ ಒಂದು ಮೂಲೆ ದೀಪದ ಎಣ್ಣೆ ಕುಡಿದು ಪಾರದರ್ಶಕವಾಗಿತ್ತು. ಒಳಗಿನ ಕ್ರಯಪತ್ರಕ್ಕೆ ಎಣ್ಣೆ ತಲುಪಲು ಬೆರಳಗಲ ಬಾಕಿ.

ಬ್ಯಾಂಕಿನ ಸ್ಟ್ರಾಂಗ್ ರೂಮಿನಲ್ಲಿ ಹದಿನೇಳು ವರ್ಷ ಏನೂ ಆಗದೆ ಇದ್ದ ಕಾಗದವನ್ನು ನಮ್ಮ ಕೈಲಿ ಮೂರು ತಿಂಗಳು ಕಾಪಾಡಲು ಆಗಲಿಲ್ಲ. ಮನೆ ಪತ್ರಕ್ಕೆ ಕಳ್ಳರ ಭಯ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾನು ಕಂಡಂತೆ ಕಳ್ಳರಿಗಿಂತ ತೇವ, ಗೆದ್ದಲು, ಲ್ಯಾಮಿನೇಶನ್ ಅಂಗಡಿ ಮತ್ತು "ಎಲ್ಲೋ ಇಟ್ಟಿದ್ದೆನಲ್ಲಾ" ಎನ್ನುವ ಮರೆವು, ಈ ನಾಲ್ಕರಿಂದಲೇ ಹಾಳಾಗುವುದು ಜಾಸ್ತಿ. ಆ ಕವರ್ ತಂದ ಮೇಲೆ ನಾನು ಕಲಿತದ್ದನ್ನು, ಕೆಲವು ತಪ್ಪುಗಳ ಸಮೇತ, ಇಲ್ಲಿ ಒಂದೊಂದಾಗಿ ಬರೆದಿದ್ದೇನೆ.

1. ಬ್ಯಾಂಕಿಗೆ ಹೋಗುವ ಮೊದಲು

ಕೊನೆಯ ಕಂತು ಕಟ್ಟಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ರಿಸರ್ವ್ ಬ್ಯಾಂಕ್ 2023ರ ಸೆಪ್ಟೆಂಬರ್ 13ರಂದು ಒಂದು ಸುತ್ತೋಲೆ ಹೊರಡಿಸಿ, ಸಾಲ ಪೂರ್ತಿ ತೀರಿದ 30 ದಿನದೊಳಗೆ ಎಲ್ಲ ಮೂಲ ಪತ್ರಗಳನ್ನೂ ವಾಪಸ್ ಕೊಡಬೇಕು, ಆಸ್ತಿಯ ಮೇಲೆ ದಾಖಲಿಸಿದ ಅಡಮಾನವನ್ನೂ ತೆಗೆಸಬೇಕು ಎಂದು ಹೇಳಿದೆ. 2023ರ ಡಿಸೆಂಬರ್ 1ರಿಂದ ಇದು ಜಾರಿಯಲ್ಲಿದೆ. ಬ್ಯಾಂಕಿನ ಕಡೆಯಿಂದಲೇ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ನಿಮಗೆ ಪರಿಹಾರ ಕೊಡಬೇಕು. ಪತ್ರ ಕಳೆದುಹೋಗಿದ್ದರೆ ಅಥವಾ ಹಾಳಾಗಿದ್ದರೆ, ದೃಢೀಕೃತ ನಕಲು ಮಾಡಿಸಲು ಬ್ಯಾಂಕೇ ನೆರವಾಗಬೇಕು, ಖರ್ಚೂ ಅದರದ್ದೇ. ಆಗ ಮಾತ್ರ ಅದಕ್ಕೆ ಇನ್ನೊಂದು 30 ದಿನ ಹೆಚ್ಚು ಸಿಗುತ್ತದೆ.

ಈ ನಿಯಮ ಬ್ಯಾಂಕುಗಳಿಗೆ, ಗೃಹಸಾಲ ಕಂಪನಿಗಳಿಗೆ, ಪಟ್ಟಣ ಸಹಕಾರಿ ಬ್ಯಾಂಕುಗಳಿಗೆ ಅನ್ವಯಿಸುತ್ತದೆ. ನಮ್ಮ ಊರುಗಳಲ್ಲಿರುವ ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳು ರಿಸರ್ವ್ ಬ್ಯಾಂಕಿನ ಕೈಕೆಳಗೆ ಬರುವುದಿಲ್ಲ. ಅಲ್ಲಿ ಸಾಲ ಮಾಡಿದ್ದರೆ ಈ ಸುತ್ತೋಲೆ ತೋರಿಸಿ ಜಗಳ ಆಡಿ ಪ್ರಯೋಜನವಿಲ್ಲ. ಸಂಘದ ಆಡಳಿತ ಮಂಡಳಿಗೇ ಅರ್ಜಿ ಕೊಡಬೇಕು.

ಬಾಯಿ ಮಾತಿನಲ್ಲಿ ಕೇಳಬೇಡಿ. ಒಂದು ಬಿಳಿ ಹಾಳೆಯಲ್ಲಿ ಸಾಲದ ಖಾತೆ ನಂಬರ್, ತೀರಿದ ದಿನ ಬರೆದು "ಮೂಲ ಪತ್ರಗಳನ್ನು ಹಿಂದಿರುಗಿಸಿ" ಎಂದು ಕೊಟ್ಟು, ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಬಹಳಷ್ಟು ಬ್ಯಾಂಕುಗಳು ಪತ್ರಗಳನ್ನು ಶಾಖೆಯಲ್ಲಿ ಇಟ್ಟುಕೊಂಡಿರುವುದಿಲ್ಲ. ಬೇರೆ ಊರಿನ ಗೋಡೌನಿನಿಂದ ತರಿಸಬೇಕು. ನಾವು ಕೇಳಿದ ದಿನ ಅಲ್ಲಿ ಪತ್ರ ಇರುವುದೇ ಇಲ್ಲ.

ಸಾಲ ಇಬ್ಬರ ಹೆಸರಲ್ಲಿದ್ದರೆ ಸಾಮಾನ್ಯವಾಗಿ ಇಬ್ಬರೂ ಹೋಗಬೇಕಾಗುತ್ತದೆ. ಒಬ್ಬರು ದುಬೈಯಲ್ಲೋ ಅಮೆರಿಕದಲ್ಲೋ ಇದ್ದರೆ ಯಾವ ರೀತಿಯ ಅಧಿಕಾರಪತ್ರ ನಡೆಯುತ್ತದೆ ಎಂದು ಬ್ಯಾಂಕಿನವರನ್ನು ಮೊದಲೇ ಕೇಳಿ. ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿ ಕಳಿಸಲು ಸಮಯ ಬೇಕು. ಸಾಲ ಮಾಡಿದವರು ತೀರಿಕೊಂಡಿದ್ದರೆ ವಾರಸುದಾರರಿಗೆ ಪತ್ರ ಕೊಡುವ ಕ್ರಮವನ್ನು ಬ್ಯಾಂಕ್ ತನ್ನ ವೆಬ್‌ಸೈಟಿನಲ್ಲಿ ಹಾಕಿರಬೇಕು. ಅದೂ ಅದೇ ಸುತ್ತೋಲೆಯಲ್ಲಿದೆ.

ಹೊರಡುವ ಮೊದಲು ಇನ್ನೊಂದು ಕೆಲಸ. ಸಾಲ ತೆಗೆದುಕೊಂಡಾಗ ಪತ್ರಗಳನ್ನು ಒಪ್ಪಿಸಿದ್ದಕ್ಕೆ ಬ್ಯಾಂಕ್ ಒಂದು ಪಟ್ಟಿ ಕೊಟ್ಟಿರುತ್ತದೆ, ಅದನ್ನು ಹುಡುಕಿ. ಸಿಗದಿದ್ದರೆ ಬ್ಯಾಂಕಿನವರಲ್ಲಿರುವ ಪಟ್ಟಿಯ ಜೆರಾಕ್ಸ್ ಕೇಳಿ. ಆ ಪಟ್ಟಿ ಇಲ್ಲದೆ ಕೌಂಟರಿಗೆ ಹೋದರೆ ಅವರು ಕೊಟ್ಟಿದ್ದೇ ಪ್ರಸಾದ.

2. ಕೌಂಟರಿನಲ್ಲಿ ಪುಟ ಎಣಿಸಿ, ಆಮೇಲೆ ಸಹಿ ಹಾಕಿ

ಈ ಒಂದು ಹೆಜ್ಜೆಯಲ್ಲಿ ನಾಚಿಕೆ ಬಿಡಬೇಕು. ಹಿಂದೆ ಜನ ನಿಂತಿರುತ್ತಾರೆ, ಆಫೀಸರ್ "ಎಲ್ಲಾ ಇದೆ ಸಾರ್, ಸೈನ್ ಮಾಡಿ" ಎನ್ನುತ್ತಾರೆ. ಮಾಡಬೇಡಿ. ಒಂದು ಖಾಲಿ ಕುರ್ಚಿ ಹಿಡಿದು ಕೂತು ಎಣಿಸಿ.

ನಮ್ಮ ಹಿಂದಿನ ಮಾಲೀಕರ ಪತ್ರ 12 ಪುಟದ್ದು. ಎಣಿಸಿದರೆ 11. ಏಳನೆಯದೇ ಇಲ್ಲ. "ಮೊದಲೇ ಇದ್ದಿರಲಿಕ್ಕಿಲ್ಲ" ಎಂದರು. ಪಟ್ಟಿಯಲ್ಲಿ 12 ಎಂದು ಅವರದೇ ಕೈಬರಹವಿತ್ತು. ಸಹಿ ಹಾಕದೆ ಕೂತೆ. ಮುಕ್ಕಾಲು ಗಂಟೆ ಬಿಟ್ಟು ಆ ಹಾಳೆ ಅದೇ ಫೈಲಿನಲ್ಲಿ ಸಿಕ್ಕಿತು. ವಕೀಲರ ಅಭಿಪ್ರಾಯ ಪತ್ರದ ಹಿಂದೆ ಪಿನ್ ಮಾಡಿಕೊಂಡು ಕೂತಿತ್ತು. ಯಾರೋ ಯಾವಾಗಲೋ ಜೆರಾಕ್ಸ್ ಮಾಡಿ ತಪ್ಪು ಜಾಗಕ್ಕೆ ಸೇರಿಸಿದ್ದರು. ಅವತ್ತು ಸಹಿ ಹಾಕಿ ಎದ್ದು ಬಂದಿದ್ದರೆ ಆ ಫೈಲ್ ಎಲ್ಲಿಗೆ ಹೋಗುತ್ತಿತ್ತೋ ಏನೋ.

ಕ್ರಯಪತ್ರ ಕೈಗೆ ತೆಗೆದುಕೊಂಡು ಹೀಗೆ ನೋಡಿ. ನೋಂದಣಿಯಾದ ಪತ್ರದಲ್ಲಿ ದಸ್ತಾವೇಜಿನ ಸಂಖ್ಯೆ ಮತ್ತು ಪುಟದ ಲೆಕ್ಕ ಬರೆದಿರುತ್ತಾರೆ. ಹಾಳೆ ತಿರುಗಿಸಿದರೆ ಮಾರಿದವರ, ಕೊಂಡವರ ಫೋಟೊ, ಹೆಬ್ಬೆಟ್ಟು, ಸಬ್ ರಿಜಿಸ್ಟ್ರಾರ್ ಸಹಿ, ದುಂಡು ಮೊಹರು ಇರಬೇಕು. "ಒಂದನೇ ಪುಸ್ತಕದ ಇಷ್ಟನೇ ನಂಬರ್ ದಸ್ತಾವೇಜಾಗಿ ನೋಂದಾಯಿಸಿ ಇಂಥ ಸಿ.ಡಿ.ಯಲ್ಲಿ ಶೇಖರಿಸಲಾಗಿದೆ" ಎನ್ನುವ ಷರಾ ಇರುತ್ತದೆ. ಈ ನಂಬರ್, ವರ್ಷ, ಕಚೇರಿ ಹೆಸರನ್ನು ಅಲ್ಲೇ ಮೊಬೈಲಿನಲ್ಲಿ ಬರೆದುಕೊಳ್ಳಿ. ಮುಂದೆ ಪತ್ರ ಕಳೆದರೆ ನಕಲು ಹುಡುಕಿಸಲು ಇದೇ ಬೀಗದ ಕೈ.

ಇನ್ನೊಂದು, ಮೂಲವೋ ಜೆರಾಕ್ಸೋ ನೋಡಿ. ಈಗಿನ ಕಲರ್ ಜೆರಾಕ್ಸ್ ಕಣ್ಣಿಗೆ ಮೋಸ ಮಾಡುತ್ತದೆ. ಬೆರಳಿಗೆ ಥಟ್ಟನೆ ಗೊತ್ತಾಗುತ್ತದೆ. ಪೆನ್ನಿನ ಸಹಿಯ ಹಿಂಬದಿ ಸ್ವಲ್ಪ ಉಬ್ಬಿರುತ್ತದೆ, ಮೊಹರಿನ ಶಾಯಿ ಕಾಗದದೊಳಗೆ ಇಳಿದಿರುತ್ತದೆ.

ಕ್ರಯಪತ್ರವೊಂದೇ ಸಾಲದು. ಹಿಂದಿನ ಮಾಲೀಕರ ಪತ್ರಗಳು, ನಿವೇಶನ ಪ್ರಾಧಿಕಾರದ್ದಾದರೆ ಹಂಚಿಕೆ ಪತ್ರ ಮತ್ತು ಸ್ವಾಧೀನ ಪತ್ರ, ಹಳ್ಳಿಯದಾದರೆ ಹಕ್ಕುಪತ್ರ ಅಥವಾ ವಿಭಾಗ ಪತ್ರ, ಭೂ ಪರಿವರ್ತನೆ ಆದೇಶ, ಮಂಜೂರಾದ ನಕ್ಷೆ, ಖಾತಾ, ಹಳೆಯ ಕಂದಾಯ ರಸೀದಿ, ಕೊಟ್ಟಿದ್ದೆಲ್ಲವೂ ಬರಬೇಕು. ಸಾಲ ತೀರಿದ ಪತ್ರ, ಉಳಿದಿರುವ ಖಾಲಿ ಚೆಕ್ಕುಗಳು ಕೂಡ. ಏನಾದರೂ ಕಮ್ಮಿ ಇದ್ದರೆ ಸಹಿ ಹಾಕುವ ಜಾಗದಲ್ಲೇ "ಇಂಥದ್ದು ಸಿಕ್ಕಿಲ್ಲ" ಎಂದು ಬರೆದು ಸಹಿ ಹಾಕಿ. ಬ್ಯಾಂಕಿಗೆ ದೂರು ಕೊಟ್ಟು 30 ದಿನದಲ್ಲಿ ಉತ್ತರ ಬರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. ವಿಚಾರಿಸಲು 14448ಕ್ಕೆ ಫೋನ್ ಮಾಡಬಹುದು.

ವಾಪಸ್ ಬರುವಾಗ ಬೈಕಿನ ಡಿಕ್ಕಿಯಲ್ಲಿ ಹಾಕಿಕೊಂಡು ಮದುವೆ ಊಟಕ್ಕೆ ಹೋಗಬೇಡಿ. ನೇರವಾಗಿ ಮನೆಗೆ ಬನ್ನಿ.

3. ಕಾಗದ ಬಂದರೆ ಅಡಮಾನ ಹೋದಂತಲ್ಲ

ಇಲ್ಲಿ ತುಂಬಾ ಜನ ಎಡವುತ್ತಾರೆ. ಪತ್ರ ಕೈಗೆ ಬಂದಿರುತ್ತದೆ, ಸರ್ಕಾರಿ ದಾಖಲೆಯಲ್ಲಿ ಮನೆ ಇನ್ನೂ ಅಡವಿನಲ್ಲೇ ಇರುತ್ತದೆ. ಎರಡು ಕಡೆ ನೋಡಬೇಕು.

ಒಂದು, ಇಸಿ, ಅಂದರೆ ಋಣಭಾರ ಪತ್ರ. ಸಾಲ ತೆಗೆದುಕೊಳ್ಳುವಾಗ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮನೆ ಪತ್ರಗಳನ್ನು ಬ್ಯಾಂಕಿಗೆ ಅಡವಾಗಿ ಒಪ್ಪಿಸಿದ್ದಕ್ಕೆ ನೋಂದಣಿ ಮಾಡಿಸಿದ್ದರೆ, ಅದನ್ನು ಬಿಡುಗಡೆ ಮಾಡಿದ ಪತ್ರವೂ ಅಲ್ಲೇ ನೋಂದಣಿ ಆಗಬೇಕು. ಅದಕ್ಕೆ ಬ್ಯಾಂಕಿನ ಅಧಿಕಾರಿಯ ಸಹಿ ಬೇಕು. ಅದಾದ ಮೇಲೆ ನೋಂದಣಿ ಇಲಾಖೆಯ ವೆಬ್‌ಸೈಟ್ ಆದ ಕಾವೇರಿ ಆನ್‌ಲೈನಿನಲ್ಲಿ ಹೊಸ ಇಸಿ ತೆಗೆಯಿರಿ. 2004ರ ಏಪ್ರಿಲ್ 1ರಿಂದ ಈಚಿನದ್ದು ಅಲ್ಲಿ ಸಿಗುತ್ತದೆ. ಇಸಿ ನೋಡಿ ಹೆದರಬೇಡಿ, ಹಳೆಯ ಅಡಮಾನದ ಸಾಲು ಅಳಿಸಿ ಹೋಗುವುದಿಲ್ಲ. ಅದು ಹಾಗೇ ಇದ್ದು, ಬಿಡುಗಡೆಯ ಸಾಲು ಬೇರೆಯಾಗಿ ಸೇರಿರುತ್ತದೆ. ಎರಡೂ ಕಂಡರೆ ಸರಿ. ಮೊದಲನೆಯದು ಮಾತ್ರ ಕಂಡರೆ ಬ್ಯಾಂಕಿಗೆ ಮತ್ತೆ ಓಡಬೇಕು.

ಎರಡು, ಸೆರ್ಸಾಯ್ (CERSAI). ಯಾವ ಆಸ್ತಿ ಯಾವ ಬ್ಯಾಂಕಿಗೆ ಅಡವಿದೆ ಎಂದು ದೇಶಕ್ಕೆಲ್ಲ ಒಂದೇ ಕಡೆ ಬರೆದಿಡುವ ಕೇಂದ್ರ ದಾಖಲೆ ಅದು. ಹತ್ತು ರೂಪಾಯಿ ಮತ್ತು ತೆರಿಗೆ ಕಟ್ಟಿ ಯಾರು ಬೇಕಾದರೂ ಹುಡುಕಬಹುದು. ನಿಮ್ಮ ಸಾಲ ತೀರಿದೆ ಎಂದು ಅಲ್ಲಿ ಕಾಣಬೇಕು.

ಜಮೀನಿನ ಮೇಲೆ ಸಾಲ ಮಾಡಿದ್ದರೆ ಪಹಣಿಯ 11ನೇ ಕಾಲಂ ನೋಡಿ. ಅಲ್ಲಿ ಬ್ಯಾಂಕಿನ ಹೆಸರು ಕೂತಿದ್ದರೆ ಬೋಜಾ, ಅಂದರೆ ಸಾಲದ ಹೊರೆ, ತೆಗೆಸಿಲ್ಲ ಅಂತ ಅರ್ಥ.

4. ಜೋಡಿಸುವುದು, ಸ್ಕ್ಯಾನ್ ಮಾಡುವುದು

ಒಂದು ಭಾನುವಾರ ಮಧ್ಯಾಹ್ನ ಸಾಕು. ಊಟದ ಮೇಜು ಒರೆಸಿ ಒಣಗಿಸಿ, ಕಾಫಿ ಲೋಟ ದೂರ ಇಟ್ಟು, ಎಲ್ಲವನ್ನೂ ಹಳೆಯದರಿಂದ ಹೊಸದಕ್ಕೆ ಜೋಡಿಸಿ. ಒಂದು ನೋಟ್‌ಬುಕ್ಕಿನಲ್ಲಿ ಪಟ್ಟಿ ಬರೆಯಿರಿ: ಯಾವ ಪತ್ರ, ನಂಬರ್, ತಾರೀಖು, ಎಷ್ಟು ಪುಟ, ಮೂಲವೋ ನಕಲೋ.

ಆಮೇಲೆ ಸ್ಕ್ಯಾನ್. ಕಲರ್‌ನಲ್ಲಿ, 300 ಡಿಪಿಐ, ಎರಡೂ ಬದಿ. ಹಿಂಬದಿಯ ಮೊಹರು ಬಿಟ್ಟರೆ ಆ ಸ್ಕ್ಯಾನ್ ಅರ್ಧಂಬರ್ಧ. ಮನೆಯಲ್ಲೇ ಸ್ಕ್ಯಾನರ್ ಇದ್ದರೆ ಒಳ್ಳೆಯದು. ಜೆರಾಕ್ಸ್ ಅಂಗಡಿಗೇ ಹೋಗಬೇಕಾದರೆ ಎದುರಿಗೇ ನಿಂತು ಮಾಡಿಸಿ. ಪೆನ್‌ಡ್ರೈವಿಗೆ ಹಾಕಿಸಿಕೊಂಡು, ಅವರ ಕಂಪ್ಯೂಟರಿನಿಂದ ಅಳಿಸಿಸಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿಸಿ. ಸ್ಕ್ಯಾನರಿನ ಗಾಜಿನ ಮೇಲೆ ಕೊನೆಯ ಹಾಳೆ ಬಿಟ್ಟು ಬರುವವರು ಎಷ್ಟು ಜನ ಅಂತ ಯಾವ ಜೆರಾಕ್ಸ್ ಅಂಗಡಿಯವರನ್ನಾದರೂ ಕೇಳಿ ನೋಡಿ, ನಗುತ್ತಾರೆ.

ಇಷ್ಟು ಹುಷಾರು ಯಾಕೆ? ಕ್ರಯಪತ್ರದಲ್ಲಿ ನಿಮ್ಮ ಫೋಟೊ, ಸಹಿ, ಹೆಬ್ಬೆಟ್ಟು ಇವೆ. ಎಷ್ಟೋ ಪತ್ರಗಳಲ್ಲಿ ಆಧಾರ್, ಪ್ಯಾನ್ ನಂಬರ್ ಕೂಡ ಇರುತ್ತವೆ. ನೋಂದಣಿ ಪತ್ರಗಳಲ್ಲಿನ ಹೆಬ್ಬೆಟ್ಟಿನ ಗುರುತನ್ನು ನಕಲು ಮಾಡಿ, ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆಯಲ್ಲಿ ಜನರ ಖಾತೆಯಿಂದ ದುಡ್ಡು ಎಗರಿಸಿದ ದೂರುಗಳು 2023ರಲ್ಲಿ ಬೆಂಗಳೂರಿನಲ್ಲಿ ದಾಖಲಾಗಿದ್ದವು. ಆದ್ದರಿಂದ ಸ್ಕ್ಯಾನನ್ನು ವಾಟ್ಸ್ಆ್ಯಪಿನ ಮನೆಮಂದಿ ಗ್ರೂಪಿಗೆ ಹಾಕಬೇಡಿ. ಆಧಾರ್‌ನ ಬಯೋಮೆಟ್ರಿಕ್ ಲಾಕ್ ಮಾಡಿಡಿ. ಆಧಾರ್ ಆ್ಯಪಿನಲ್ಲೇ ಆಗುತ್ತದೆ, ದುಡ್ಡೇನೂ ಇಲ್ಲ.

ಸ್ಕ್ಯಾನ್ ಎರಡು ಕಡೆ ಇರಲಿ: ಪಾಸ್‌ವರ್ಡ್ ಇರುವ ಒಂದು ಪೆನ್‌ಡ್ರೈವ್, ಮತ್ತು ಕ್ಲೌಡ್ ಅಥವಾ ಡಿಜಿಲಾಕರ್. ನೀವೇ ಡಿಜಿಲಾಕರಿಗೆ ಹಾಕಿದ ಸ್ಕ್ಯಾನ್ ಮೂಲ ಪತ್ರಕ್ಕೆ ಸಮ ಅಲ್ಲ, ಅದು ಬರೀ ನಕಲು. ಬೆಂಕಿ ಬಿದ್ದ ಮನೆಯಿಂದ ದಸ್ತಾವೇಜಿನ ನಂಬರ್ ಹುಡುಕುವ ಗತಿ ಬಾರದಿರಲಿ ಅಂತ ಇಷ್ಟು ಕೆಲಸ.

5. ಕಟ್ಟುವ ರೀತಿ

ನನ್ನ ದೊಡ್ಡಪ್ಪನವರ ಮನೆ ಮಲೆನಾಡಿನಲ್ಲಿ. ಅವರು ತಮ್ಮ ಪತ್ರಕ್ಕೆ ಎಷ್ಟು ಮುತುವರ್ಜಿ ಮಾಡಿದರೆಂದರೆ ಪೇಟೆಗೆ ಹೋಗಿ ಪುಟಪುಟವನ್ನೂ ಲ್ಯಾಮಿನೇಶನ್ ಮಾಡಿಸಿಕೊಂಡು ಬಂದರು. ಹತ್ತು ವರ್ಷದ ನಂತರ ಮಗನ ಓದಿಗೆ ಸಾಲ ಕೇಳಲು ಹೋದಾಗ ಬ್ಯಾಂಕಿನ ವಕೀಲರು ಪ್ಲಾಸ್ಟಿಕ್ ಹಾಳೆಗಳನ್ನು ತಿರುವಿ ಹಾಕಿ ಕನ್ನಡಕ ತೆಗೆದರು. "ಯಜಮಾನ್ರೇ, ಇದನ್ನ ನಾನು ಮೂಲ ಅಂತ ಹೇಗೆ ಬರೆದುಕೊಡಲಿ?" ಮೊಹರು ಮುಟ್ಟಿ ನೋಡಲು ಆಗುವುದಿಲ್ಲ, ಛಾಪಾ ಕಾಗದದ ನೀರುಗುರುತು ಸರಿಯಾಗಿ ಕಾಣುವುದಿಲ್ಲ, ಹೊಸ ಷರಾ ಬರೆಯಲು ಜಾಗ ಇಲ್ಲ. ಒಳಗೆ ಸೇರಿದ್ದ ತೇವಕ್ಕೆ ಅಂಚಿನಲ್ಲಿ ಹಳದಿ ಬಳ್ಳಿಯಂತೆ ಕಲೆ ಬೇರೆ. ಲ್ಯಾಮಿನೇಶನ್ ಒಮ್ಮೆ ಮಾಡಿದರೆ ಮುಗಿಯಿತು, ಬಿಡಿಸಲು ಹೋದರೆ ಶಾಯಿಯೇ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಬರುತ್ತದೆ. ಹಾಗಾಗಿ ಲ್ಯಾಮಿನೇಶನ್ ಬೇಡವೇ ಬೇಡ.

ಸೆಲೋಟೇಪ್ ಕೂಡ ಬೇಡ. ನಾಲ್ಕೈದು ವರ್ಷಕ್ಕೆ ಟೇಪ್ ಉದುರಿ ಅಂಟು ಮಾತ್ರ ಉಳಿದು ಅಕ್ಷರದ ಮೇಲೆ ಕಂದು ಪಟ್ಟಿ ಬೀಳುತ್ತದೆ. ಹರಿದ ಹಾಳೆಯನ್ನು ಹರಿದಂತೆಯೇ ಚಪ್ಪಟೆಯಾಗಿ ಕವರಿನಲ್ಲಿಡಿ.

ಗುಂಡುಪಿನ್ನು, ಕ್ಲಿಪ್ಪು ತೆಗೆಯಿರಿ. ಕರಾವಳಿ, ಮಲೆನಾಡಿನಲ್ಲಿ ಎರಡು ಮಳೆಗಾಲ ಸಾಕು, ಪಿನ್ನಿನ ತುಕ್ಕು ಕಾಗದವನ್ನು ತೂತು ಮಾಡುತ್ತದೆ. ಆದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೊಲಿದದ್ದು, ಒಟ್ಟಿಗೆ ಪಿನ್ ಹೊಡೆದು ಮೊಹರು ಹಾಕಿದ್ದು ಏನಾದರೂ ಇದ್ದರೆ ಅದನ್ನು ಬಿಚ್ಚಬೇಡಿ.

ಮಡಚಬೇಡಿ. ಹಳೆ ಪತ್ರಗಳು ಹರಿಯುವುದೇ ಮಡಿಕೆಯಲ್ಲಿ. ಮಡಿಕೆಯ ಮೇಲೆ ಸರ್ವೆ ನಂಬರ್ ಬರೆದಿದ್ದರೆ ಅದೇ ಮೊದಲು ಹೋಗುತ್ತದೆ!

ಹಾಳೆ ಹಾಕಲು ಪಾರದರ್ಶಕ ಕವರ್ ಕೊಳ್ಳುವಾಗ ಒಂದು ಸೂಕ್ಷ್ಮ ಇದೆ. ಮೂಗಿಗೆ ಹಿಡಿದರೆ ಹೊಸ ರೇನ್‌ಕೋಟಿನ ವಾಸನೆ ಬರುವ ಮೆತ್ತನೆ ಪಿವಿಸಿ ಕವರ್ ಬೇಡ. ಕೆಲವು ವರ್ಷದಲ್ಲಿ ಪ್ರಿಂಟರಿನ, ಜೆರಾಕ್ಸಿನ ಅಕ್ಷರ ಅದಕ್ಕೆ ಕಚ್ಚಿಕೊಳ್ಳುತ್ತದೆ. ಕವರ್ ಎಳೆದರೆ ಅಕ್ಷರ ಕವರಿನ ಮೇಲೆ, ಹಾಳೆ ಬೋಳು. ವಾಸನೆ ಇಲ್ಲದ, ಸರಬರ ಸದ್ದು ಮಾಡುವ ಪಾಲಿಪ್ರೊಪಿಲೀನ್ ಕವರ್ ಕೇಳಿ. ಸಿಗದಿದ್ದರೆ ಒಳ್ಳೆಯ ಬಿಳಿ ಕಾಗದದ ಲಕೋಟೆಯೇ ಸಾಕು.

ಕಟ್ಟುವ ಕಾಲವೂ ಮುಖ್ಯ. ಜುಲೈನಲ್ಲಿ ಶಿವಮೊಗ್ಗದಲ್ಲೋ ಮಂಗಳೂರಲ್ಲೋ ಕೂತು ಜಿಪ್ ಕವರಿನಲ್ಲಿ ಪತ್ರ ಮುಚ್ಚಿದರೆ ತೇವವನ್ನೂ ಜೊತೆಗೆ ಮುಚ್ಚಿದಂತೆ. ಫೆಬ್ರವರಿ, ಮಾರ್ಚ್‌ನ ಒಣ ದಿನ ನೋಡಿ, ಫ್ಯಾನಿನ ಕೆಳಗೆ ನೆರಳಿನಲ್ಲಿ ಎರಡು ಗಂಟೆ ಹರಡಿ, ಆಮೇಲೆ ಕಟ್ಟಿ. ಬಿಸಿಲಿಗೆ ಹಾಕಬೇಡಿ, ಶಾಯಿ ಮಾಸುತ್ತದೆ. ಒಳಗೆ ಎರಡು ಸಿಲಿಕಾ ಜೆಲ್ ಪೊಟ್ಟಣ ಇರಲಿ. ನೀಲಿ ಹರಳಿನದು ಸಿಕ್ಕರೆ ಒಳ್ಳೆಯದು, ತೇವ ಕುಡಿದಾಗ ಗುಲಾಬಿ ಬಣ್ಣಕ್ಕೆ ತಿರುಗಿ ತಾನೇ ಹೇಳುತ್ತದೆ.

ನುಸಿಗುಳಿಗೆಯನ್ನು ಹಾಳೆಗೆ ತಾಗುವಂತೆ ಹಾಕಬೇಡಿ. ಬಟ್ಟೆಯ ಗಂಟಿನಲ್ಲಿ ಕಟ್ಟಿ ಪೆಟ್ಟಿಗೆಯ ಮೂಲೆಯಲ್ಲಿಡಿ. ನಮ್ಮ ಅಜ್ಜಿ ಬಜೆ ಬೇರು, ಒಣಗಿದ ಬೇವಿನ ಸೊಪ್ಪು ಇಡುತ್ತಿದ್ದರು. ಓಲೆಗರಿಯ ಕಟ್ಟುಗಳಿಗೂ ಇದನ್ನೇ ಇಡುವ ರೂಢಿ ಇತ್ತು. ಇಡುವುದಾದರೆ ಚೆನ್ನಾಗಿ ಒಣಗಿರಲಿ. ಹಸಿ ಬೇವು ತೇವ ತರುತ್ತದೆ.

ಥರ್ಮಲ್ ಕಾಗದದ ರಸೀದಿಗಳನ್ನು ಮಾತ್ರ ತಕ್ಷಣ ಜೆರಾಕ್ಸ್ ಮಾಡಿ, ಎರಡು ವರ್ಷದಲ್ಲಿ ಬೆಳ್ಳಗಾಗುತ್ತವೆ.

6. ಎಲ್ಲಿಡೋದು?

ಬ್ಯಾಂಕ್ ಲಾಕರ್ ನನ್ನ ಮೊದಲ ಆಯ್ಕೆ. ಹಾಗಂತ ಅದು ದೇವಸ್ಥಾನ ಅಲ್ಲ. 2022ರ ಜನವರಿ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಬೆಂಕಿ, ಕಳ್ಳತನ, ದರೋಡೆ, ಕಟ್ಟಡ ಕುಸಿತ ಅಥವಾ ಸಿಬ್ಬಂದಿಯ ಮೋಸದಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ ನೂರು ಪಟ್ಟಿನಷ್ಟು. ಬಾಡಿಗೆ 3,000 ಆದರೆ 3 ಲಕ್ಷ. ಪ್ರವಾಹ, ಭೂಕಂಪ, ಸಿಡಿಲಿನಂಥ ಪ್ರಕೃತಿ ವಿಕೋಪಕ್ಕೆ ಆ ಹೊಣೆಯೂ ಇಲ್ಲ. ಹಾಗಾಗಿ ಲಾಕರ್ ತೆಗೆದುಕೊಳ್ಳುವಾಗ ಸ್ಟ್ರಾಂಗ್ ರೂಮ್ ಯಾವ ಮಹಡಿಯಲ್ಲಿದೆ ನೋಡಿ. ಬೇಸ್‌ಮೆಂಟಿನಲ್ಲಿದ್ದರೆ, ಅದೂ ತಗ್ಗು ಪ್ರದೇಶದಲ್ಲಿದ್ದರೆ, ಬೇರೆ ಶಾಖೆ ಹುಡುಕಿ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವ ಭಾಗದ ಬೇಸ್‌ಮೆಂಟುಗಳಲ್ಲಿ ಕಾರುಗಳು ತೇಲಿದ್ದು ನೆನಪಿದೆ ಅಲ್ವಾ?

ಲಾಕರ್ ಇಬ್ಬರ ಹೆಸರಲ್ಲಿ ಮಾಡಿಸಿ, ನಾಮಿನಿ ಹಾಕಿಸಿ. 2025ರ ನವೆಂಬರ್ 1ರಿಂದ ಲಾಕರಿಗೆ ಒಬ್ಬರ ನಂತರ ಒಬ್ಬರಂತೆ ನಾಲ್ಕು ಜನರವರೆಗೆ ನಾಮಿನಿ ಮಾಡಬಹುದು. ನಾಮಿನಿಗೆ ಲಾಕರ್ ತೆಗೆಯುವ ಹಕ್ಕು ಮಾತ್ರ ಸಿಗುತ್ತದೆ, ಮನೆಯ ಹಕ್ಕಲ್ಲ. ಬಾಡಿಗೆ ಮೂರು ವರ್ಷ ಕಟ್ಟದಿದ್ದರೆ ಬ್ಯಾಂಕ್ ಲಾಕರ್ ಒಡೆಯಬಹುದು. ಬಾಡಿಗೆ ಕಟ್ಟುತ್ತಿದ್ದರೂ ಏಳು ವರ್ಷ ತೆರೆಯದೆ, ಹುಡುಕಿದರೂ ನಿಮ್ಮ ಪತ್ತೆ ಇಲ್ಲ ಎಂದಾದರೂ ಒಡೆಯಬಹುದು. ವಿದೇಶದಲ್ಲಿರುವವರು ಇದನ್ನು ಗಮನದಲ್ಲಿಡಿ. ಊರಿಗೆ ಬಂದಾಗ ಒಮ್ಮೆ ಹೋಗಿ ಲಾಕರ್ ತೆರೆದು ಮುಚ್ಚಿ ಬನ್ನಿ, ಫೋನ್ ನಂಬರ್ ಬದಲಾಗಿದ್ದರೆ ಹೇಳಿ ಬನ್ನಿ.

ಲಾಕರ್ ಸಿಗುತ್ತಿಲ್ಲವೇ? ಕೆಲವು ಬ್ಯಾಂಕುಗಳು ಮೊಹರು ಮಾಡಿದ ಲಕೋಟೆಯನ್ನು ಸೇಫ್ ಕಸ್ಟಡಿಯಲ್ಲಿ ಇಟ್ಟುಕೊಳ್ಳುತ್ತವೆ. ಕೇಳಿ ನೋಡಿ.

ಮನೆಯಲ್ಲೇ ಇಡುವುದಾದರೆ ಸ್ಟೀಲ್ ಬೀರು ಕಳ್ಳನಿಗೆ ಅಡ್ಡಿ, ಬೆಂಕಿಗಲ್ಲ. ತಗಡು ಕಾದರೆ ಒಳಗಿನ ಕಾಗದ ಕರಕಲಾಗುತ್ತದೆ. ಕಾಗದಕ್ಕೆಂದೇ ಮಾಡಿದ ಬೆಂಕಿ ತಡೆಯುವ ಪೆಟ್ಟಿಗೆಗಳಿವೆ. ಹೊರಗೆ ಬೆಂಕಿ ಇದ್ದರೂ ಒಳಗಿನ ಬಿಸಿ ಸುಮಾರು 177 ಡಿಗ್ರಿ ಸೆಲ್ಸಿಯಸ್ ದಾಟದಂತೆ ಅರ್ಧ ಗಂಟೆ, ಒಂದು ಗಂಟೆ ತಡೆಯುವಂತೆ ಅವನ್ನು ಪರೀಕ್ಷಿಸಿರುತ್ತಾರೆ. ಪೆಟ್ಟಿಗೆ ನೆಲದ ಮೇಲೂ ಬೇಡ, ಸಜ್ಜಾ ಮೇಲೂ ಬೇಡ. ನೆಲಕ್ಕೆ ನೀರು, ಗೆದ್ದಲು ಬರುತ್ತವೆ. ಸಜ್ಜಾ ಮೇಲೆ ಸೂರಿನಿಂದ ಸೋರುತ್ತದೆ. ಬಚ್ಚಲುಮನೆಯ ಗೋಡೆಗೆ ಒರಗಿದ ಬೀರು ಅಂತೂ ಬೇಡವೇ ಬೇಡ. ಒಳಗೋಡೆಗೆ ಆನಿಸಿದ ಬೀರುವಿನ ಮಧ್ಯದ ಅರೆ ಸರಿಯಾದ ಜಾಗ. ದೇವರಮನೆ ಎಲ್ಲಕ್ಕಿಂತ ಕೊನೆಗೆ, ನನ್ನ ಅನುಭವ ಮೇಲೆ ಹೇಳಿದ್ದೇನಲ್ಲ.

ಇನ್ನೊಂದು ಜಾಣತನ ಕೆಲವರು ಹೇಳಿಕೊಡುತ್ತಾರೆ: "ಸಾಲದಲ್ಲಿ ಒಂದು ಸಾವಿರ ಉಳಿಸಿಬಿಡಿ, ಪತ್ರ ಬ್ಯಾಂಕಿನಲ್ಲೇ ಫ್ರೀಯಾಗಿ ಇರುತ್ತೆ." ನನಗಂತೂ ಇದು ಒಪ್ಪಿಗೆಯಿಲ್ಲ. ಮನೆ ಅಡವಿನಲ್ಲೇ ಉಳಿಯುತ್ತದೆ. ಆ ಪುಡಿ ಸಾಲದ ಒಂದು ಕಂತು ಮರೆತರೂ ಸಾಲ ತೀರಿಸುವ ನಂಬಿಕೆ ಅಳೆಯುವ ಸಿಬಿಲ್ ಅಂಕ ಕೆಡುತ್ತದೆ. ನಾಳೆ ನೀವಿಲ್ಲದಾಗ ಮನೆಯವರು ಸಾವಿರ ರೂಪಾಯಿ ಸಾಲಕ್ಕೆ ಬ್ಯಾಂಕಿಗೆ ಅಲೆಯಬೇಕು.

ನೆಂಟರ ಮನೆಯಲ್ಲಿ, ವಕೀಲರ ಆಫೀಸಿನಲ್ಲಿ "ಇಟ್ಕೊಂಡಿರಿ" ಎಂದು ಬಿಡುವುದೂ ಬೇಡ. ಕೈಸಾಲಕ್ಕೆ ಭದ್ರತೆ ಅಂತ ಮೂಲ ಪತ್ರ ಕೊಟ್ಟರೆ ಅದು ಅಡಮಾನದ ಲೆಕ್ಕಕ್ಕೆ ಬರಬಹುದು. ನೋಂದಣಿ ಆಗಿಲ್ಲವಲ್ಲ ಎಂದು ಸುಮ್ನೆ ಇರುವಂತಿಲ್ಲ. ಇ-ಖಾತಾ ಮಾಡಿಸಿಕೊಡುತ್ತೇನೆ ಎಂದು ಬರುವ ಬ್ರೋಕರಿಗೂ ಮೂಲ ಕೊಡುವ ಅಗತ್ಯವಿಲ್ಲ, ಅದು ಸ್ಕ್ಯಾನಿನಲ್ಲಿ ಆಗುವ ಕೆಲಸ. ಕೊಡಲೇಬೇಕಾದ ಸಂದರ್ಭ ಬಂದರೆ ಯಾವ ಪತ್ರ, ಎಷ್ಟು ಪುಟ, ಯಾವಾಗ ವಾಪಸ್ ಎಂದು ಬರೆಸಿ ಸಹಿ ಹಾಕಿಸಿಕೊಳ್ಳಿ. ತಮ್ಮ, ಭಾವಮೈದುನ ಆದರೂ ಅಷ್ಟೇ.

7. ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿರಲಿ

ನಮ್ಮ ಪಕ್ಕದ ಬೀದಿಯ ಯಜಮಾನರೊಬ್ಬರು ಪತ್ರವನ್ನು ಎಷ್ಟು ಭದ್ರವಾಗಿ ಇಟ್ಟರೆಂದರೆ ಅವರು ಹೋದ ಮೇಲೆ ಹೆಂಡತಿಗೂ ಮಕ್ಕಳಿಗೂ ಸಿಗಲಿಲ್ಲ. ಹನ್ನೊಂದು ತಿಂಗಳ ನಂತರ ಹಳೆ ಪಂಚಾಂಗಗಳ ಕಟ್ಟನ್ನು ರದ್ದಿಗೆ ಹಾಕುವಾಗ ಬಿತ್ತು. ತೂಕಕ್ಕೆ ಹಾಕುವ ಹುಡುಗನೇ "ಅಕ್ಕಾ, ಛಾಪಾ ಕಾಗದ ಇದೆ ನೋಡಿ" ಎಂದನಂತೆ.

ಒಂದೇ ಒಂದು ಹಾಳೆ ಬರೆದಿಡಿ. ಪತ್ರ ಎಲ್ಲಿದೆ, ಲಾಕರ್ ನಂಬರ್, ಯಾವ ಶಾಖೆ, ಕೀ ಎಲ್ಲಿದೆ, ಸ್ಕ್ಯಾನ್ ಎಲ್ಲಿದೆ, ಇಸಿ ಯಾವ ತಾರೀಖಿನದು. ಪಾಸ್‌ವರ್ಡ್ ಇದರಲ್ಲಿ ಬೇಡ. ಈ ಹಾಳೆ ನಿಮ್ಮ ಸಂಗಾತಿಯ ಬಳಿ ಒಂದು, ನಂಬಿಕೆಯ ಮಗ ಅಥವಾ ಮಗಳ ಬಳಿ ಒಂದು ಇರಲಿ. ವಿಲ್ ಬರೆದಿದ್ದರೆ ಅದನ್ನು ಇದೇ ಕಟ್ಟಿನಲ್ಲಿ ಇಡಬಹುದು. ಆದರೆ ಒಂಟಿ ಹೆಸರಿನ ಲಾಕರಿನೊಳಗೆ ವಿಲ್ ಇಟ್ಟು ನಾಮಿನಿ ಹಾಕದಿದ್ದರೆ, ವಿಲ್ ತೋರಿಸದೆ ಲಾಕರ್ ಇಲ್ಲ, ಲಾಕರ್ ತೆಗೆಯದೆ ವಿಲ್ ಇಲ್ಲ!

8. ಕಳೆದೇ ಹೋದರೆ

ಮೊದಲು ಎರಡು ದಿನ ನಿಧಾನವಾಗಿ ಹುಡುಕಿ. ಆಮೇಲೆ ಪೊಲೀಸ್ ದೂರು. ಕರ್ನಾಟಕದಲ್ಲಿ ಕಳೆದುಹೋದದ್ದಕ್ಕೆ ಪೊಲೀಸ್ ಆ್ಯಪಿನ ಇ-ಲಾಸ್ಟ್ ಮೂಲಕ ಮನೆಯಿಂದಲೇ ವರದಿ ತೆಗೆಯಬಹುದು. ಕಳ್ಳತನವಾಗಿದ್ದರೆ ಠಾಣೆಗೇ ಹೋಗಿ. ಒಂದು ಕನ್ನಡ, ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಪ್ರಕಟಣೆ ಕೊಡಿ, ನೋಟರಿ ಮುಂದೆ ಪ್ರಮಾಣಪತ್ರ (ಅಫಿಡವಿಟ್) ಮಾಡಿಸಿ. ಪ್ರಕಟಣೆಯ ಇಡೀ ಪುಟ ಎತ್ತಿಡಿ, ತುಂಡು ಕತ್ತರಿಸಬೇಡಿ, ತಾರೀಖು ಬೇಕಾಗುತ್ತದೆ. ಕೊನೆಗೆ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ದೃಢೀಕೃತ ನಕಲು. ನೀವು ಬರೆದಿಟ್ಟುಕೊಂಡ ದಸ್ತಾವೇಜು ನಂಬರ್ ಇಲ್ಲಿ ಕೆಲಸಕ್ಕೆ ಬರುತ್ತದೆ.

ಮನೆಯ ಮೇಲಿನ ನಿಮ್ಮ ಹಕ್ಕು ಕಾಗದದ ಜೊತೆ ಹೋಗುವುದಿಲ್ಲ, ಅದು ನೋಂದಣಿ ಪುಸ್ತಕದಲ್ಲಿದೆ. ಆದರೆ ಮಾರುವಾಗ ಕೊಳ್ಳುವವರು ಹಿಂದೆಮುಂದೆ ನೋಡುತ್ತಾರೆ, ಬ್ಯಾಂಕುಗಳು ಸಾಲ ಕೊಡಲು ತಿಣುಕುತ್ತವೆ. ನಿಮ್ಮ ಮೂಲ ಬೇರೆ ಯಾರದೋ ಕೈಯಲ್ಲಿರಬಹುದು ಎಂಬ ಅನುಮಾನ ಇದ್ದರೆ ಒಂದೆರಡು ವರ್ಷ ಆರು ತಿಂಗಳಿಗೊಮ್ಮೆ ಇಸಿ ತೆಗೆದು ನೋಡುತ್ತಿರಿ.

9. ವರ್ಷಕ್ಕೆ ಅರ್ಧ ಗಂಟೆ

ನಮ್ಮ ಮನೆಯಲ್ಲಿ ಈ ಕೆಲಸಕ್ಕೆ ಏಪ್ರಿಲ್ ಗೊತ್ತು ಮಾಡಿದ್ದೇವೆ. 5 ಪರ್ಸೆಂಟ್ ರಿಯಾಯಿತಿ ಆಸೆಗೆ ಮನೆ ಕಂದಾಯ ಹೇಗೂ ಆಗಲೇ ಕಟ್ಟುವುದು. ಹೊಸ ರಸೀದಿ ಸೇರಿಸಲು ಕಟ್ಟು ತೆಗೆಯಲೇಬೇಕು. ಗಾಳಿಯಲ್ಲೂ ತೇವ ಇರುವುದಿಲ್ಲ. ಮಗಳು ಪುಟ ಎಣಿಸುತ್ತಾಳೆ, ನಾನು ನೋಟ್‌ಬುಕ್ಕಿನ ಪಟ್ಟಿಯಲ್ಲಿ ಗೀಟು ಹಾಕುತ್ತೇನೆ. ನಮ್ಮವಳು ಪೆನ್‌ಡ್ರೈವ್ ಹಾಕಿ ಫೈಲ್ ತೆರೆದುಕೊಳ್ಳುತ್ತದೆಯೇ ನೋಡುತ್ತಾಳೆ. ಏಳನೇ ಪುಟ ಬಂದಾಗ ಮಗಳು ಬೇಕಂತಲೇ ಜೋರಾಗಿ "ಏಳು ಇದೆ ಅಪ್ಪಾ" ಎನ್ನುತ್ತಾಳೆ. ಆಮೇಲೆ ಸಿಲಿಕಾ ಜೆಲ್ ಪೊಟ್ಟಣ ಬೆಳಕಿಗೆ ಹಿಡಿದು ನೋಡುತ್ತೇವೆ. ಗುಲಾಬಿಯಾಗಿದ್ದರೆ ಬದಲಾಯಿಸುತ್ತೇವೆ. ನೀಲಿಯಾಗಿಯೇ ಇದ್ದರೆ ಹಾಗೇ ಒಳಗಿಟ್ಟು ಜಿಪ್ ಎಳೆಯುತ್ತೇವೆ.